ಗುಳಿಯಿಲ್ಲದ ಮೇಜು

ಎಪ್ಪತ್ತೊಂಬತ್ತರ ಮಾರ್ಚಿ, ಮೊಲೀನ್ ಊರು.
ಮಿಸಿಸಿಪ್ಪಿಯಲ್ಲಿ ಇನ್ನೂ ಐಸು ತೇಲುತ್ತಿತ್ತು.
ಆಸ್ಪತ್ರೆಯಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಬಲಭುಜ:
ಓಡೀಲ್ ವರ್‌ಹಾಗ, ಎಪ್ಪತ್ತಾರು,
ನೇಗಿಲ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ಸಾಣೆ ಹಿಡಿದವನು.
ಮೇಲಕ್ಕೆತ್ತಿ ಅಂದರೆ ಎತ್ತಲಾರ.
ಹಿಂದಕ್ಕೆ ಅಂದೆ ನೋಡಿ,
ಮೊಣಕೈ ತಾನಾಗಿ ತೂಗಿತು,
ಈಗಷ್ಟೆ ಎಣ್ಣೆ ಬಿಟ್ಟ ತೊಟ್ಟಿಲ ಹಾಗೆ.
ಏನಾದರೂ ಆಡುತ್ತಿದ್ದಿರಾ?
ಕ್ಯಾರಂ, ಅಂದ.

ನಾನೂ! ಅಂದುಬಿಟ್ಟೆ.
ಹಾಸ್ಟೆಲಿನ ಮಂಚದ ಮೇಲೆ ಹಲಗೆ, ಬೋರಿಕ್ ಪುಡಿ,
ಕೆಂಪು ರಾಣಿಗಾಗಿ ರಾತ್ರಿಯಿಡೀ ಜಗಳ…
ಅದಲ್ಲ, ಅಂತ ತಲೆಯಾಡಿಸಿದ.
ಹತ್ತಡಿ ಉದ್ದ, ಐದಡಿ ಅಗಲ, ಹಸಿರು ಬಟ್ಟೆ,
ಒಂದು ಕೋಲು, ಮೂರೇ ಚೆಂಡು.
ಗುಳಿ?
ಇಲ್ಲ.
ಮತ್ತೆ ಬೀಳಿಸುವುದೆಲ್ಲಿಗೆ?
ಬೀಳಿಸುವುದಿಲ್ಲವಮ್ಮ, ಮುಟ್ಟುವುದು.
ನನ್ನದು ಒಂದನ್ನು ಮುಟ್ಟಿ, ಮೂರು ಸಲ ಅಂಚಿಗೆ ಬಡಿದು,
ಸುತ್ತಿ ಬಳಸಿ ಇನ್ನೊಂದನ್ನು ಮುಟ್ಟಬೇಕು.
ಅಷ್ಟಕ್ಕೆ ಒಂದು ಅಂಕ.

ವಾರಕ್ಕೆ ಮೂರು ದಿನ, ಬಿಸಿ ಶಾಖ ಕೊಟ್ಟು ನೀವುವಾಗ
ಕಂತುಕಂತಾಗಿ ಬಂತು ಕಥೆ.
ಎಂಟನೆಯ ವಯಸ್ಸಿಗೆ ಬೆಲ್ಜಿಯಂನಿಂದ ಹಡಗು.
ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ ಮೇಜು;
ದಿನವೆಲ್ಲ ಉದುರಿದ ಕೂದಲು ಗುಡಿಸಿದರೆ
ರಾತ್ರಿ ಒಂದು ತಾಸು ಕೋಲು ಕೈಗೆ.
ಹತ್ತೊಂಬತ್ತಕ್ಕೆ ಸಾಣೆಚಕ್ರ
ಎಡಗೈ ಉಂಗುರದ ಬೆರಳನ್ನು ಅರ್ಧಕ್ಕೆ ನಿಲ್ಲಿಸಿತು.
ಕೋಲು ಜಾರುವ ಸೇತುವೆಯನ್ನು
ಉಳಿದ ಬೆರಳಲ್ಲೇ ಹೊಸದಾಗಿ ಕಟ್ಟಿದ.
ಎರಡು ಚಳಿಗಾಲ ಹಿಡಿಯಿತಂತೆ.

ಚೆಂಡುಗಳು ಸ್ವಂತದ್ದು, ಅಸಲು ದಂತ.
ಚಳಿಗೆ ಸೀಳುತ್ತವೆಂದು
ಜನವರಿಯ ಟ್ರಾಮಿನಲ್ಲಿ ಅವನ್ನು ಕಂಕುಳಲ್ಲಿ ಇಟ್ಟುಕೊಂಡು,
ಕಾವಿಗೆ ಕೂತ ಕೋಳಿ, ಅಂತ ಜನ ನಗುತ್ತಿದ್ದರು.
ನಿಮ್ಮ ಕಡೆಯ ಆನೆಯೇ ಇರಬೇಕು,
ಅಂತ ನನ್ನ ಮುಖ ನೋಡಿದ, ಸಾಲ ಹಿಂತಿರುಗಿಸದವನ ಹಾಗೆ.
ಗೊತ್ತಿಲ್ಲ ಅಂದೆ.

ಮೂವತ್ತೊಂದು, ಪಿಯೋರಿಯಾ: ರಾಜ್ಯದ ಹವ್ಯಾಸಿ ಚಾಂಪಿಯನ್.
ಎದುರಾಳಿ ದಂತವೈದ್ಯ, ರೇಷ್ಮೆಯ ಟೈ.
ಐವತ್ತಕ್ಕೆ ಮೂವತ್ತೆಂಟು.
ಒಂದೇ ಸರದಿಯಲ್ಲಿ ಹನ್ನೊಂದು,
ಹನ್ನೆರಡನೆಯದು ಕೂದಲೆಳೆಯಲ್ಲಿ ತಪ್ಪಿತು.
ಆ ಕೂದಲೆಳೆಯನ್ನು ಮಾತ್ರ
ದಿನಕ್ಕೊಂದು ಥರ ವಿವರಿಸುತ್ತಿದ್ದ.

ಆಮೇಲೆ ಹಂದಿತೊಡೆಯ ಪ್ರಕರಣ.
ಮೂವತ್ತಮೂರರ ಕ್ರಿಸ್‌ಮಸ್, ಕಾರ್ಖಾನೆಗೆ ಬೀಗ, ಮನೆಯಲ್ಲಿ ನಾಲ್ಕು ಮಕ್ಕಳು.
ಕಸಾಯಿಯವನೊಬ್ಬ ಪಂದ್ಯ ಇಟ್ಟ,
ಗೆದ್ದವನಿಗೆ ಹದಿನಾಲ್ಕು ಪೌಂಡಿನ ಹೊಗೆಯಾಡಿಸಿದ ತೊಡೆ.
ಗೆದ್ದ. ಹೆಂಡತಿ ಲಿಯೋನ್ತೀನ್ ಬೇಯಿಸಿದಳು,
ಬೀದಿಗೆಲ್ಲ ಘಮ.
ಆ ಘಮವೇ ಚಾಡಿ ಹೇಳಿತೋ ಏನೋ,
ಫೆಬ್ರವರಿಗೆ ಸಂಘದ ಪತ್ರ:
ಮಾಂಸವೂ ಸಂಭಾವನೆಯೇ. ಹವ್ಯಾಸಿಯಲ್ಲ ನೀನು,
ಎರಡು ವರ್ಷ ಹೊರಗಿರು.
ಹಣಕ್ಕೆ ಆಡುವವರೂ ಸೇರಿಸಿಕೊಳ್ಳಲಿಲ್ಲ,
ತೊಡೆಯೊಂದಕ್ಕೆ ಆಡಿದವನನ್ನು.
ತಿಂದದ್ದು ಐದು ದಿನ, ಅಂದ.
ಮೂಳೆಯ ಸಾರು ಬೇರೆ.

ಪಶ್ಚಾತ್ತಾಪ?
ಉಪ್ಪು ತುಸು ಹೆಚ್ಚಾಗಿತ್ತು.

ಮತ್ತೆ ಗೆದ್ದನಂತೆ, ನಲವತ್ತರಲ್ಲಿ, ನಲವತ್ತೆಂಟರಲ್ಲಿ.
ಬೆಳ್ಳಿ ಬಟ್ಟಲುಗಳಲ್ಲಿ ಮಗಳು ಈಗ ಗುಂಡಿ, ಸೂಜಿ ಇಡುತ್ತಾಳೆ.
ಬೌಲಿಂಗ್ ಬಂತು, ಟೀವಿ ಬಂತು,
ಗುಳಿಯಿರುವ ಮೇಜುಗಳು ಬಂದವು.
ಗುಳಿಯಿಲ್ಲದ್ದನ್ನು ಒಡೆದು
ಕಲ್ಲುಹಾಸನ್ನು ಯಾರೋ ಹಿತ್ತಲಿನ ಮೆಟ್ಟಿಲಿಗೆ ಒಯ್ದರು.

ಕೊನೆಯ ಶುಕ್ರವಾರ, ಡ್ಯಾವನ್‌ಪೋರ್ಟಿನ ಗೆಳತಿಯ ಹತ್ತಿರ ಎರವಲು ಪಡೆದು
ನಮ್ಮ ಹಲಗೆಯನ್ನೇ ಹೊತ್ತುಕೊಂಡು ಹೋದೆ.
ಪುಡಿ ಚೆಲ್ಲಿ, ಸ್ಟ್ರೈಕರ್ ಕೈಗಿಟ್ಟೆ.
ಬಹಳ ಹೊತ್ತು ನೋಡಿದ, ನಾಲ್ಕು ಮೂಲೆಗಳನ್ನು,
ಬಾವಿಕಟ್ಟೆಯಲ್ಲಿ ಮಕ್ಕಳನ್ನು ಕಂಡವನ ಹಾಗೆ.
ಆಮೇಲೆ ಚಿಮ್ಮಿಸಿದ. ಒಂದು ಕರಿ ಬಿಲ್ಲೆ ಮುಟ್ಟಿ,
ಒಂದಂಚು, ಎರಡಂಚು, ಮೂರು,
ಬಿಳಿಯದನ್ನು ಹಾಗೇ ತಾಗಿತು.
ತಾಗಿದ ಬಿಳಿ ಬಿಲ್ಲೆ ಉರುಳಿ ಉರುಳಿ
ಗುಳಿಯ ಬಲೆಗೆ ಬಿತ್ತು.

ನಾನು ಚಪ್ಪಾಳೆ ತಟ್ಟಿದೆ.
ಅವನು ಆಗಲೇ ಬಗ್ಗಿ, ಏಳದ ಭುಜವನ್ನೂ ಮರೆತು,
ಬಲೆಯೊಳಗೆ ಕೈಯಿಟ್ಟು
ಸಾರಿ, ಸಾರಿ, ಅಂತ ಹುಡುಕುತ್ತಿದ್ದ.