ಅಂಚಿನ ನಾಲ್ಕು ಸಾಲು

ಫ್ರೊಯ್ಲಾನ್, ನನ್ನ ಅಳಿಯ,
ಕಣಿವೆಯ ಊರಿನವನು, ಲಾರಿ ಓಡಿಸಿದ ಕೈ.
ಬಂದ ವರ್ಷವೇ ಹೊಲದ ಸುತ್ತ ಹೆಜ್ಜೆ ಹಾಕಿ ಅಳೆದ:
"ಅತ್ತೆ, ಅಂಚಿನ ನಾಲ್ಕು ಸಾಲು ದಂಡ.
ಎರಡು ಸಾಲು ಮಾಶ್ವಾ ಗೆಡ್ಡೆ, ಕುಸ್ಕೊ ಪೇಟೆಯಲ್ಲಿ ಕೇಳುವವರಿಲ್ಲ.
ಎರಡು ಸಾಲು ತಾರ್ವಿ ಕಾಳು, ಹೊಳೆಯಲ್ಲಿ ವಾರ ನೆನೆಸದೆ
ಕತ್ತೆಯೂ ಬಾಯಿಗಿಡದ ಕಹಿ.
ಅಲ್ಲೂ ಆಲೂಗೆಡ್ಡೆಯನ್ನೇ ಹಾಕಿದರೆ
ಹದಿನಾಲ್ಕು ಮೂಟೆ ಹೆಚ್ಚು."

ಲೆಕ್ಕ ಸರಿಯಾಗಿತ್ತು. ನಾನು ಸುಮ್ಮನಿದ್ದೆ.
ಕಾಲುನೇಗಿಲು ಅವನ ಕೈಯಲ್ಲಿತ್ತು,
ಹೆಂಟೆ ಮಗುಚುವವಳು ನನ್ನ ಮಗಳು ಹಿಲಾರಿಯಾ,
ಅವಳೂ ಸುಮ್ಮನಿದ್ದಳು.
ಇನ್ನೊಂದು ಕಾರಣವೂ ಇತ್ತೆನ್ನಿ, ಅವನು ಬಾಯಿಬಿಟ್ಟು ಹೇಳದ್ದು:
ಮಾಶ್ವಾ ತಿಂದ ಗಂಡಸು ಹಾಸಿಗೆಗೆ ಹೋಗುವುದು ಬರೀ ನಿದ್ದೆಗೆಂದು
ನಮ್ಮ ಗುಡ್ಡದ ಮುದುಕರು ಹಲ್ಲಿಲ್ಲದ ಬಾಯಲ್ಲಿ ನಗುತ್ತಾರೆ.
ಹೊಸ ಗಂಡ, ಪಾಪ.

ಹೂ ಬರುವ ಹೊತ್ತಿಗೆ ಎಲೆಯಂಚಿನ ತುಂಬ
ಅರ್ಧಚಂದ್ರದ ಕಡಿತ.
ಹಗಲೆಲ್ಲ ಹುಡುಕಿದ, ಒಂದು ಹುಳುವೂ ಇಲ್ಲ.
"ಆಲಿಕಲ್ಲೇ, ಅತ್ತೆ?"
ಆ ರಾತ್ರಿ ಟಾರ್ಚು ಕೊಟ್ಟು ಕರೆದುಕೊಂಡು ಹೋದೆ,
ಕಂಬಳಿ ಹೊದ್ದು, ಕೋಕಾ ಎಲೆ ದವಡೆಗೊತ್ತಿ,
ಹೋದ ವರ್ಷದ ಹೊಲಕ್ಕೂ ಈ ವರ್ಷದ್ದಕ್ಕೂ ನಡುವಿನ ದಿಬ್ಬಕ್ಕೆ.

ನಡೆದು ಬರುತ್ತಿದ್ದವು.
ಮಣ್ಣಿನ ಬಣ್ಣದ ಮೂತಿಹುಳುಗಳು,
ಬೆನ್ನ ಮೇಲೆ ರೆಕ್ಕೆಯ ಗೆರೆಯಿದೆ, ಬಿಚ್ಚಲು ಬಾರದು.
ಹೆಂಟೆ ಹತ್ತಿ, ಇಳಿದು, ಮಗುಚಿ ಬಿದ್ದು, ಮತ್ತೆ ಎದ್ದು,
ಅವಸರವಿಲ್ಲದೆ,
ಮದುವೆಮನೆಗೆ ಬರುವ ದೂರದ ನೆಂಟರ ಹಾಗೆ.
ಬೆಳಕು ಬಿದ್ದೊಡನೆ ಕಾಲು ಮಡಚಿ ಸತ್ತವು.
ಅವನ ಅಂಗೈಯಲ್ಲಿ ಒಂದನ್ನಿಟ್ಟೆ:
ಕಲ್ಲಿನ ಚೂರು.
ಟಾರ್ಚು ಆರಿಸು ಎಂದೆ.
ಕತ್ತಲಲ್ಲಿ ಅವನ ಉಸಿರು ನಿಂತದ್ದು ಕೇಳಿಸಿತು.
ಕಲ್ಲು ಹೆಬ್ಬೆರಳಿನತ್ತ ಹೊರಟಿತ್ತು.

ಹಾರುವುದಕ್ಕೆ ಬಲೆ ಬೇಕು, ನಡೆಯುವುದಕ್ಕೆ ಹೊಸ್ತಿಲು ಸಾಕು.
ಇದು ನನ್ನ ಅತ್ತೆಯ ಮಾತು, ನನ್ನದಲ್ಲ.
ಬೇಲಿಯೇ ಎದ್ದು ಹೊಲ ಮೇಯುವ ಊರುಗಳೂ ಇವೆಯಂತೆ;
ನಮ್ಮದು ಘಾಟಿನ ಬೇಲಿ, ಕಹಿಯ ಬೇಲಿ.
ಹುಳು ಅಲ್ಲಿಗೆ ಬಂದು ತಡೆಯುತ್ತದೆ, ಸುತ್ತುತ್ತದೆ,
ಬೆಳಗಾಗುವಷ್ಟರಲ್ಲಿ ಹೊರಟದ್ದೆಲ್ಲಿಗೆಂದು ಮರೆತಿರುತ್ತದೆ.
ಎಲ್ಲವೂ ಅಲ್ಲ. ಸುಳ್ಳು ಯಾಕೆ?
ದಾಟುವವು ದಾಟುತ್ತವೆ. ಅದಕ್ಕೇ ಕೋಳಿ, ಅದಕ್ಕೇ
ಅಗೆದ ರಾಶಿಯಡಿ ಹಾಸುವ ಗೋಣಿ,
ಅಟ್ಟದ ಗೆಡ್ಡೆಗಳ ನಡುವೆ ಪದರ ಪದರ ಮುನ್ಯಾ ಸೊಪ್ಪು.

ಆ ವರ್ಷ ಹದಿನಾಲ್ಕು ಮೂಟೆ ಹೆಚ್ಚೇ ಬಂತು.
ಸೀಳಿದರೆ ಒಳಗೆ ಬಿಳಿ ಮರಿಗಳು
ಮಗ್ಗುಲಾಗಿ ಮಲಗಿದ್ದವು.
ಇಪ್ಪತ್ತು ಮೂಟೆ ಹಂದಿಗೆ.
ಯಾರೂ ಏನೂ ಅನ್ನಲಿಲ್ಲ. ಹಂದಿ ಕೊಬ್ಬಿತು.

ಮರುವರ್ಷದ ಬಿತ್ತನೆಗೆ ಮಂಡಿನೋವೆಂದು ಮನೆಯಲ್ಲೇ ಉಳಿದೆ.
ಸಂಜೆ ಹೋಗಿ ನೋಡಿದರೆ
ಅಂಚಿಗೆ ಐದು ಸಾಲು.
ಐದನೆಯದು ಯಾಕೆಂದು ಕೇಳಲಿಲ್ಲ.

ಈಗ ಮೂರನೆಯ ಬೆಳೆ.
ತಾರ್ವಿ ನೀಲಿಗೆ ತಿರುಗಿದೆ, ಜೇನು ಕೂತು ಏಳುತ್ತಿದೆ.
ಹಿಮ ಬೀಳುವ ತಿಂಗಳುಗಳಲ್ಲಿ ಅವನಿಗೆ ಬಡಿಸಿದ್ದು
ಬಟ್ಟಲು ಬಟ್ಟಲು ಮಾಶ್ವಾ ಸಾರು;
ಹಿಲಾರಿಯಾಗೆ ಏಳು ತುಂಬಿತು.
ಮುದುಕರ ಮಾತು ಹುಳುವಿಗೆ ಮಾತ್ರ ತಟ್ಟಿತೆಂದು ಕಾಣುತ್ತದೆ.

ಫ್ರೊಯ್ಲಾನ್ ಈಗಲೂ ರಾತ್ರಿ ದಿಬ್ಬಕ್ಕೆ ಹೋಗುತ್ತಾನೆ,
ಬಹಳ ಹೊತ್ತು ಕೂತಿರುತ್ತಾನೆ.
ಟಾರ್ಚು ಒಯ್ಯುವುದಿಲ್ಲ.