ಗೆರೆ ಕಂಡರೆ ದಾಟಬಲ್ಲೆ

ಇಪ್ಪತ್ತಾರು ವರ್ಷ ಈ ಊರಿನ ಬಾಗಿಲುಗಳೇ ನನ್ನ ಕಸುಬು.
ಟಾಡ್ಮರ್ಡನ್ನಿನ ಏರುಬೀದಿಗಳಲ್ಲಿ
ಯಾವ ಬಾಗಿಲಿನ ಕಾಗದದ ಕಂಡಿ ಬೆರಳು ಕಚ್ಚುತ್ತದೆ,
ಯಾವ ನಾಯಿ ಬರೀ ಬೊಗಳುತ್ತದೆ,
ಯಾವುದು ಬೊಗಳದೆ ಕಾದಿರುತ್ತದೆ,
ಕತ್ತಲಲ್ಲೂ ಹೇಳಬಲ್ಲೆ.
ಈಗ ಬಾಗಿಲು ಕಂಡರೆ ಸಾಕು,
ಕಾಲು ನೆಲ ಕಚ್ಚುತ್ತದೆ.

ಪಾರ್ಕಿನ್ಸನ್ಸ್ ಅನ್ನುತ್ತಾರೆ ಇದಕ್ಕೆ.
ಬಯಲಲ್ಲಿ ನಡೆಯಗೊಡುತ್ತದೆ, ಹೊಸ್ತಿಲಲ್ಲಿ ತಡೆಯುತ್ತದೆ.
ಅಡುಗೆಮನೆಗೂ ಹಜಾರಕ್ಕೂ ನಡುವೆ
ನಿಂತೇ ಇರುತ್ತೇನೆ,
ವಿಳಾಸ ಅಳಿಸಿಹೋದ ಪಾರ್ಸೆಲ್ಲಿನ ಹಾಗೆ.

ಏಳಕ್ಕೆ ಬರಬೇಕಾದ ರೂಡೊ ಏಳೂವರೆಗೆ ಬರುತ್ತಾಳೆ.
ಹಿಂದಿನ ಮನೆಯ ಮುದುಕ ಬಿದ್ದಿದ್ದನಂತೆ.
ಹರಾರೆಯಲ್ಲಿ ಅವಳು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು;
ಇಲ್ಲಿ ನನ್ನ ಗುಂಡಿ ಹಾಕುತ್ತ ನಿಮಿಷ ಲೆಕ್ಕ ಹಾಕುತ್ತಾಳೆ.
ಸ್ನಾನಕ್ಕೆ ಹನ್ನೆರಡು. ಗಂಜಿಗೆ ಎಂಟು.
ಮಾತಿಗೆ ಅಂತ ಕೌನ್ಸಿಲು ಏನೂ ಕೊಟ್ಟಿಲ್ಲ.
ಆದರೂ ಮಾತಾಡುತ್ತಾಳೆ, ಯಾರ ನಿಮಿಷ ಕದ್ದೋ.
ನೆಲಕ್ಕೆ ಹಳದಿ ಟೇಪು ಅಂಟಿಸಿದವಳೂ ಅವಳೇ:
ಗೆರೆ ಕಂಡರೆ ನಾನು ದಾಟಬಲ್ಲೆ,
ಬರೀ ನೆಲವನ್ನು ದಾಟಲಾರೆ.

ಮಾರ್ಚಿಯಲ್ಲಿ ಒಬ್ಬರು ನನ್ನ ಅಗತ್ಯ ಅಳೆಯಲು ಬಂದರು.
ಸಭ್ಯ ಮನುಷ್ಯ. ಬೂಟು ಬಾಗಿಲಲ್ಲೇ ಬಿಟ್ಟರು.
ಬಂದದ್ದು ಮಾತ್ರ ಹನ್ನೊಂದಕ್ಕೆ,
ಮಾತ್ರೆ ಮೈಗೇರಿ ನಾನು ನಾನಾಗಿರುವ ಹೊತ್ತಿಗೆ.
ನಡೆಯುತ್ತೀರಾ? ನಡೆಯುತ್ತೇನೆ.
ಎಷ್ಟು ದೂರ?
ಇಲ್ಲಿ ಸ್ವಲ್ಪ ಸುಳ್ಳು ಬೆರೆಸಬೇಕಿತ್ತು
ಅಂತ ಆಮೇಲೆ ಎಲ್ಲರೂ ಬುದ್ಧಿ ಹೇಳಿದರು.
ಕಾಲುವೆಯ ದಂಡೆಯಲ್ಲಿ ಎರಡು ಮೈಲಿ, ಅಂದೆ.
ಗುರುವಾರ ಚರ್ಚಿನ ಹಾಲಿನಲ್ಲಿ ಟೇಬಲ್ ಟೆನಿಸ್,
ಹೋದ ವಾರ ಪಾದ್ರಿಯನ್ನೇ ಸೋಲಿಸಿದೆ, ಅಂದೆ.
ಅವರು ನಕ್ಕರು. ಪೆನ್ನು ಒಂದು ಚೌಕಕ್ಕೆ ಗುರುತು ಹಾಕಿತು.
ರಾತ್ರಿ ಮಗ್ಗುಲು ಬದಲಿಸಲಾರದೆ
ಛಾವಣಿ ನೋಡುತ್ತ ಮಲಗುವ ಬೆವರ್ಲಿ
ಆ ಹೊತ್ತು ಮನೆಯಲ್ಲಿರಲಿಲ್ಲ.

ನಡೆಯದಿದ್ದರೆ ಮರಗಟ್ಟುತ್ತೀರಿ, ಅನ್ನುತ್ತದೆ ಆಸ್ಪತ್ರೆ.
ನಡೆದರೆ ನೆರವು ಯಾಕೆ, ಅನ್ನುತ್ತದೆ ಕೌನ್ಸಿಲು.
ಎರಡೂ ಕಾಗದ ಒಂದೇ ಟಪಾಲಿನಲ್ಲಿ ಬಂದವು.

ಬಂದವು, ಚಾಪೆಯ ಮೇಲೆ ಬಿದ್ದವು,
ನಾನು ನಾಲ್ಕಡಿ ಆಚೆ ಕಂಬವಾಗಿದ್ದೆ.
ನೆಲ ಒರೆಸಿ ಒರೆಸಿ ಟೇಪು ಎದ್ದುಹೋಗಿತ್ತು.
ಕಂಡಿ ಮತ್ತೆ ತೆರೆಯಿತು. ಎರಡು ಕಣ್ಣು.
ಕೀರನ್, ನಾನೇ ಬೀದಿ ಕಲಿಸಿದ ಹುಡುಗ.
"ಬೆವ್, ಸಿಕ್ಕಿಕೊಂಡ್ರಾ?"
ಹೂಂ.
ಕಟ್ಟಿಗೆ ಬಿಗಿದಿದ್ದ ಕೆಂಪು ರಬ್ಬರ್ ಬ್ಯಾಂಡು ಕಿತ್ತು
ಕಂಡಿಯೊಳಗಿಂದ ಚಿಮ್ಮಿಸಿದ.
ನನ್ನ ಹೆಬ್ಬೆರಳಿನ ಮುಂದೆ ಬಿತ್ತು, ವಕ್ರವಾಗಿ.
"ದಾಟಿ."
ದಾಟಿದೆ.

ಹದಿನಾಲ್ಕು ಗಂಟೆ ಇದ್ದದ್ದು ವಾರಕ್ಕೆ ಏಳಂತೆ.
ಅರ್ಧಕ್ಕೆ ಅರ್ಧ, ಅಂದಳು ರೂಡೊ,
ಗಣಿತದವಳಿಗೂ ಆ ಲೆಕ್ಕ ಹತ್ತಲಿಲ್ಲ.
ನಾನು ಕೂತು ಬರೆದೆ. ನನ್ನ ಅಕ್ಷರ ಈಗ
ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಸಾಸಿವೆಯಾಗುತ್ತದೆ.
ಸ್ವಾಮಿ, ಇನ್ನೊಮ್ಮೆ ಬನ್ನಿ. ಸಂಜೆ ಆರಕ್ಕೆ ಬನ್ನಿ.
ಬಾಗಿಲು ತೆರೆಯಲು ಹೊತ್ತಾದರೆ
ಯಾರೂ ಇಲ್ಲವೆಂದು ಚೀಟಿ ಬಿಟ್ಟು ಹೋಗಬೇಡಿ.
ಇರುತ್ತೇನೆ. ಬರುತ್ತಿರುತ್ತೇನೆ.

ಅಂಚೆಪೆಟ್ಟಿಗೆ ಇಳಿಜಾರಿನ ಬುಡದಲ್ಲಿದೆ.
ತಾನು ಹಾಕಿಬರುತ್ತೇನೆಂದಳು ರೂಡೊ. ಬೇಡ ಅಂದೆ.
ಕೀರನ್ ಕೊಟ್ಟ ಬ್ಯಾಂಡುಗಳು ಕೋಟಿನ ಜೇಬಿನ ತುಂಬ:
ಹೊಸ್ತಿಲಿಗೊಂದು, ಗೇಟಿಗೊಂದು,
ಬೀದಿ ಕಿರಿದಾಗುವ ಆ ಮೂಲೆಗೆ ಎರಡು.
ಎಸೆದು, ದಾಟಿ, ಎಸೆದು, ನಿಂತು, ದಾಟಿ.
ಬಗ್ಗಿ ಹೆಕ್ಕಲಾರೆ. ಬಿದ್ದಿರಲಿ ಬಿಡಿ.
ನೋಡಿದವರು ಅಂದುಕೊಳ್ಳಲಿ
ಈ ದಾರಿಯಲ್ಲಿ ಟಪಾಲಿನವಳು ಹೋಗಿದ್ದಾಳೆ ಅಂತ.