ಒಂದು ಲೀಟರ್ ನೀರು

ಕೈಗವಸಿಗೆ ಒಂದು ಲೀಟರ್ ನೀರು ಹೊಯ್ದು
ಬಾಯಿ ಕಟ್ಟಿ ತೂಗುಹಾಕಬೇಕು.
ಎರಡು ನಿಮಿಷ ನೋಡಬೇಕು, ಅಷ್ಟೇ.
ಹನಿ ಮೂಡಿದರೆ ತೂತು.
ಮೂರು ವರ್ಷ ನಾನು ಮಾಡಿದ ಪಾಠದಲ್ಲಿ
ಇಷ್ಟು ಸರಳವಾದದ್ದು ಒಂದೂ ಇರಲಿಲ್ಲ.

ಇಪೋ ಪಟ್ಟಣದ ನಮ್ಮ ಕಾಲೇಜಿನಿಂದ
ಕೊನೆಯ ವರ್ಷದವರನ್ನು ಹನ್ನೆರಡು ವಾರ
ಕಾರ್ಖಾನೆಗಳಿಗೆ ಕಳಿಸುತ್ತೇವೆ.
ಗಾಯಕ್ಕೆ ಅಂಟಿಸುವ ಪಟ್ಟಿ ಮಾಡುವಲ್ಲಿಗೆ ವೈ ಕಿಟ್,
ಕಣ್ಣಿನ ಹನಿಮದ್ದು ತುಂಬುವಲ್ಲಿಗೆ ಇಬ್ಬರು,
ತೇನ್‌ಮೊಳಿಯ ಪಾಲಿಗೆ ಬಂದದ್ದು ಕೈಗವಸು.
ಮುಖ ಸಣ್ಣದು ಮಾಡಿಕೊಂಡಳು:
"ಮೇಡಂ, ನಾನು ಓದಿದ್ದು ರೋಗನಿರೋಧ ಶಾಸ್ತ್ರ."
"ಕೈಗವಸಿಗಿಂತ ದೊಡ್ಡ ನಿರೋಧ ಯಾವುದಮ್ಮಾ" ಅಂದೆ,
ನನ್ನ ಮಾತಿಗೆ ನಾನೇ ತಲೆದೂಗುತ್ತ.
ಅವಳು ನಗಲಿಲ್ಲ.
ಅವಳಜ್ಜಿ ಸುಂಗೈ ಸಿಪುಟ್ ಕಡೆಯ ತೋಟದಲ್ಲಿ
ಹಣೆಗೆ ದೀಪ ಕಟ್ಟಿಕೊಂಡು ಕತ್ತಲಲ್ಲೇ
ರಬ್ಬರ್ ಮರ ಗೀರುತ್ತಿದ್ದವಳೆಂದು
ನನಗೆ ತಿಳಿದದ್ದು ತಡವಾಗಿ.

ಮೊದಲ ವಾರ ಬರೆದಳು:
ಇಲ್ಲಿ ಪಿಂಗಾಣಿ ಕೈಗಳ ಮೆರವಣಿಗೆ.
ಸಾವಿರಾರು ಕೈ, ಒಂದಕ್ಕೂ ಮೈಯಿಲ್ಲ.
ಬೆರಳು ಕೆಳಗಾಗಿ ರಬ್ಬರ್ ಹಾಲಿಗಿಳಿಯುತ್ತವೆ,
ಒಲೆ ಹೊಕ್ಕು ಹೊರಬರುತ್ತವೆ,
ಯಾರಿಗೂ ಕೈ ಮುಗಿಯುವುದಿಲ್ಲ,
ಯಾರಿಗೂ ಕೈ ಕೊಡುವುದೂ ಇಲ್ಲ.
ವಾಸನೆ ಮಾತ್ರ ನಮ್ಮಜ್ಜಿಯ ಸೆರಗಿನದು.

ಆಮೇಲೆ ಬರೀ ಅಂಕಿ.
ಐದನೇ ವಾರ ಒಂದು ನಕ್ಷೆ:
ತೂತು ಹೆಚ್ಚು ಮಣಿಕಟ್ಟಿನ ಕೆಳಗೆ, ಅಂಗೈ ಶುರುವಾಗುವಲ್ಲಿ,
ಹೆಚ್ಚು ರಾತ್ರಿ ಪಾಳಿಯಲ್ಲಿ,
ಹೆಚ್ಚು ನಾಲ್ಕನೇ ಸಾಲಿನಲ್ಲಿ.
ಗುಣಮಟ್ಟದ ಮುಖ್ಯಸ್ಥ ಜುಲ್ಹೈರಿ ಹೇಳಿದರಂತೆ:
ಹಾಲಿನ ದಪ್ಪ ನೋಡು, ಒಲೆಯ ಶಾಖ ನೋಡು,
ಅಚ್ಚಿನಲ್ಲಿ ಸೀಳಿದೆಯೋ ನೋಡು.
ನೋಡಿದಳು. ಎಲ್ಲ ಸರಿ.

ಕೊನೆಗೆ ರಾತ್ರಿ ಮೂರಕ್ಕೆ ಸಾಲಿನ ಪಕ್ಕ ನಿಂತಳು.
ಅಲ್ಲಿ ನೇಪಾಳದ ಡಂಬರ,
ಹನ್ನೊಂದನೇ ಗಂಟೆಯ ದುಡಿಮೆ,
ಬಿಸಿ ಆರದ ಗವಸನ್ನು ಪಿಂಗಾಣಿಯಿಂದ ಸುಲಿಯುತ್ತಾನೆ,
ಒಂದು, ಇನ್ನೊಂದು, ಮತ್ತೊಂದು.
ಉಗುರು ಬುಡದವರೆಗೆ ಕತ್ತರಿಸಿದೆ,
ಹೆಬ್ಬೆರಳಿಗೆ ಸುತ್ತಿದ ಟೇಪಿನ ಅಂಚು ಗಟ್ಟಿಯಾಗಿ ಎದ್ದಿದೆ.
ಟೇಪಿನಡಿ ಬಿರುಕು, ಬಿರುಕಿನ ಸುತ್ತ ಕೆಂಪು.
ರಬ್ಬರ್ ಗಟ್ಟಿಯಾಗಲೆಂದು ಬೆರೆಸಿದ ರಾಸಾಯನಿಕಕ್ಕೆ
ನಿಧಾನವಾಗಿ, ದಿನ ಬಿಟ್ಟು ಏಳುವ ಅಲರ್ಜಿ.
ಎರಡನೇ ವರ್ಷದ ಪಾಠ, ಆರನೇ ಘಟಕ.
ನಾನೇ ಹಲಗೆಯ ಮೇಲೆ ಬರೆದಿದ್ದೆ,
ಬಾಣಗಳ ಸಮೇತ.

ಜಗತ್ತಿಗೆಲ್ಲ ಗವಸು ಸುಲಿದು ಕೊಡುವವನ
ಕೈಗೆ ಗವಸಿಲ್ಲ.
ಅವನು ಕೈ ಬೆನ್ನ ಹಿಂದೆ ಸರಿಸಿಕೊಂಡ:
"ಬರೆಯಬೇಡಿ ತಂಗೀ, ಪರವಾನಗಿ ಮಾರ್ಚಿಗೆ ಮುಗಿಯುತ್ತದೆ."

ಆ ರಾತ್ರಿ ನನಗೆ ಫೋನು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ,
ಕನ್ನಡಿ ಹಿಡಿದರೆ ಹುಣ್ಣಿನವನೇ ಮನೆಗೆ ಹೋಗುತ್ತಾನಲ್ಲ ಮೇಡಂ,
ಹೆಸರು ಬರೆಯಲೇ?
ನನ್ನ ಮುಂದೆ ಅಂಕಪಟ್ಟಿ:
ವೃತ್ತಿಪರ ಸಂವಹನ, ಇಪ್ಪತ್ತು ಅಂಕ.
ನಾನು ಕೆಮ್ಮಿದೆ. ನಾಳೆ ಮಾತಾಡೋಣ ಅಂದೆ.

ನಾಳೆಗೆ ಅವಳು ಕಾಯಲಿಲ್ಲ.
ಎಲ್ಲ ಸಾಲು, ಎಲ್ಲ ಪಾಳಿ,
ನೂರ ಹದಿನೆಂಟು ಜನರ ಕೈ ನೋಡಿದಳು.
ಬಿರುಕಿದ್ದವರು ನಲವತ್ತೊಂದು.
ವರದಿಯಲ್ಲಿ ಹೆಸರಿಲ್ಲ, ಸಾಲಿನ ಸಂಖ್ಯೆಯೂ ಇಲ್ಲ,
ಒಳಗೆ ತೊಡುವ ಹತ್ತಿ ಗವಸಿನ ಬೆಲೆ ಇತ್ತು,
ಬಿಸಾಡಿದ ಮಾಲಿನ ಬೆಲೆ ಅದರ ಪಕ್ಕದಲ್ಲಿ.

"ನಾಲ್ಕರಲ್ಲಿ ಯಾರು?" ಜುಲ್ಹೈರಿ ಕೇಳಿದರು.
ನಾನೂ ಅಲ್ಲೇ ಕೂತಿದ್ದೆ, ಪರೀಕ್ಷಕಿ.
"ನೀರು ತುಂಬಿ ನೋಡುವಾಗ
ಗವಸಿನ ಹೆಸರು ಕೇಳುವುದಿಲ್ಲವಲ್ಲ ಸರ್."
ಯಾರೂ ಉಸಿರೆತ್ತಲಿಲ್ಲ.
ಎರಡು ನಿಮಿಷವಿರಬೇಕು.

ಹತ್ತಿ ಗವಸು ಬಂತು, ಒಂದೇ ಸಾಲಿಗೆ, ಪ್ರಯೋಗಕ್ಕೆ.
ಡಂಬರನ ಪರವಾನಗಿ ಏನಾಯಿತೋ ಗೊತ್ತಿಲ್ಲ.
ಅವಳಿಗೆ ಅಲ್ಲೇ ಕೆಲಸ ಸಿಕ್ಕಿತು,
ರಾತ್ರಿ ಪಾಳಿ, ಕೇಳಿ ಪಡೆದದ್ದು.
ಕಳೆದ ವಾರ ಮತ್ತೆ ಫೋನು:
"ಅಂಚು ಏಳದ ಟೇಪು ಎಲ್ಲಿ ಸಿಗುತ್ತದೆ ಮೇಡಂ?"
ನನಗೆ ಗೊತ್ತಿರಲಿಲ್ಲ.
ವೈ ಕಿಟ್‌ನ ನಂಬರ್ ಕೊಟ್ಟೆ.